ಮೂಸುವ ಕೆಲಸ

"ಎತ್ತೋ ಕೈ. ಇನ್ನೂ ಮೇಲೆ ಎತ್ತೋ ಕತ್ತೆ ನನ್ಮಗನೆ. ನಿನ್ನ ಕಂಕುಳೇನು ಬ್ಯಾಂಕಿನ ಲಾಕರ್ರಾ, ಹಂಗೆ ಮುಚ್ಕೊಂಡು ನಿಂತಿದ್ದೀಯಲ್ಲ?"

ಮ್ಯಾನೇಜರು ಹೀಗೆ ಕೂಗುವಾಗ ಬೆಳಗಿನ ಎಂಟು ಗಂಟೆ. ಹೋಟೆಲಿನ ಹಿಂದಿನ ಅಂಗಳದಲ್ಲಿ ಹನ್ನೊಂದು ಜನ ಡ್ರೈವರುಗಳು ಬಿಳಿ ಅಂಗಿ ತೊಟ್ಟು, ಎರಡೂ ಕೈ ಮೇಲೆತ್ತಿ, ಸಿಕ್ಕಿಬಿದ್ದ ಕಳ್ಳರ ಹಾಗೆ ಸಾಲಾಗಿ ನಿಂತಿದ್ದರು. ನಾನು ಒಬ್ಬೊಬ್ಬರ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಅವರ ಕಂಕುಳು ಮೂಸುತ್ತಿದ್ದೆ.

ಹೌದು, ಮೂಸುತ್ತಿದ್ದೆ. ನನ್ನ ಕೆಲಸವೇ ಅದು.

"ಅತ್ತೆ, ಬೇಗ ನೋಡಿ, ಕೈ ಸೋತೋಯ್ತು" ಎಂದ ಡುಮ್ಮ ಡ್ರೈವರು. ಅಲ್ಲಿ ಎಲ್ಲರೂ ನನ್ನನ್ನು ಅತ್ತೆ ಎಂದೇ ಕರೆಯುತ್ತಾರೆ. ನಿಜವಾದ ಅಳಿಯ ಒಬ್ಬನೇ, ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಅವನು ಕರೆಯುವುದು ಕೇಳಿ ಕೇಳಿ ಉಳಿದವರೂ ಅಳಿಯಂದಿರಾದರು.

"ನಿನ್ನ ಕಂಕುಳಲ್ಲಿ ಇಲಿ ಸತ್ತು ಮೂರು ದಿನ ಆಯ್ತು ಕಣೋ. ಹೋಗಿ ಮಣ್ಣು ಮಾಡಿ ಬಾ" ಎಂದೆ. ಸಾಲು ಕಿಸಕ್ಕೆಂದಿತು. ಅವನ ಹತ್ತಿರ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಏ ಮುದಿ ಮುಂಡೆ, ನಗ್ಸೋಕೆ ನಿನ್ನ ಇಟ್ಕೊಂಡಿಲ್ಲ" ಎಂದ ಮ್ಯಾನೇಜರು. ಅವನು ನಮ್ಮಿಂದ ಮೂರು ಮಾರು ದೂರದಲ್ಲಿ, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಲ್ಲುತ್ತಾನೆ. ಆ ಕರ್ಚೀಫು ಇಳಿಸಿದ್ದನ್ನು ಕಂಡವರಿಲ್ಲ. ಅದರ ಹಿಂದೆ ಮೂಗು ಇದೆಯೋ ಇಲ್ಲವೋ ಎಂದು ಡ್ರೈವರುಗಳು ಪಂತ ಕಟ್ಟುತ್ತಿದ್ದರು.

ಈ ಹೋಟೆಲಿನಲ್ಲಿ ಇಳಿದವರು ಏರ್‌ಪೋರ್ಟಿಗೆ ಕಾರು ಬುಕ್ ಮಾಡಿದರೆ ಒಂದು ಚೀಟಿ ಹುಟ್ಟುತ್ತದೆ. ಅದರಲ್ಲಿ ಏನಿದೆಯೆಂದು ಬುಕಿಂಗ್ ಕೌಂಟರಿನ ಹುಡುಗಿ ನನಗೆ ಓದಿ ಹೇಳಿದ್ದಳು: ವಾಸನೆಯಿಲ್ಲದ ಕಾರು, ವಾಸನೆಯಿಲ್ಲದ ಚಾಲಕ. ಕೆಳಗೊಂದು ಚೌಕ. ಕಾರಿನೊಳಗೆ ತಲೆ ತೂರಿಸಿ, ಡ್ರೈವರನ ಕಂಕುಳಿಗೆ ಮೂಗು ತೂರಿಸಿ, ಎರಡೂ ಸರಿಯಿದ್ದರೆ ನಾನು ಆ ಚೌಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಅದನ್ನು ಕಣ್ಣಾರೆ ನೋಡದೆ ಕಾವಲುಗಾರ ಗೇಟು ತೆಗೆಯುವಂತಿಲ್ಲ. ಹಿಂದೊಬ್ಬ ತೆಗೆದಿದ್ದ. ಮಾಲೀಕರು ಕ್ಯಾಮೆರಾದಲ್ಲಿ ನೋಡಿ, ಅವನ ಸಮವಸ್ತ್ರವನ್ನು ಗೇಟಿನಲ್ಲೇ ಬಿಚ್ಚಿಸಿ, ಬನಿಯನ್ನಿನಲ್ಲಿ ಮನೆಗೆ ಕಳಿಸಿದ್ದರು.

ನನ್ನ ಮೂಗಿನ ವಿಷಯ ಹೇಳಬೇಕು. ಏಳನೆಯ ಮಹಡಿಯಲ್ಲಿ ಯಾರಾದರೂ ಕಿತ್ತಳೆ ಸುಲಿದರೆ ಕೆಳಗಿನ ಅಂಗಳದಲ್ಲಿ ನನಗೆ ಗೊತ್ತಾಗುತ್ತದೆ, ಹುಳಿಯೋ ಸಿಹಿಯೋ ಎಂಬುದೂ ಸೇರಿ. ಈ ವಿದ್ಯೆ ಬಂದದ್ದು ಗಂಡನಿಂದ. ಅವನು ಮೋರಿಗೆ ಇಳಿಯುತ್ತಿದ್ದ. ಇಪ್ಪತ್ತೆರಡು ವರ್ಷ ಅವನ ಬಟ್ಟೆ ಒಗೆದೆ. ಅಂಗಿ ಮೂಸಿಯೇ ಇವತ್ತು ಆಸ್ಪತ್ರೆ ಬೀದಿಯಲ್ಲಿ ಇಳಿದಿದ್ದನೋ, ಬಂಗಲೆಗಳ ಬೀದಿಯಲ್ಲೋ ಹೇಳುತ್ತಿದ್ದೆ. ಬಂಗಲೆಯವರದ್ದೇ ಹೆಚ್ಚು ನಾರುತ್ತಿತ್ತು. ಅವರು ತಿನ್ನುವುದೂ ಹೆಚ್ಚಲ್ಲವೇ. ಒಂದು ದಿನ ಇಳಿದವನು ಹತ್ತಿ ಬರಲಿಲ್ಲ. ಹಗ್ಗ ಹಾಕಿ ಎಳೆದದ್ದನ್ನು ಮನೆಗೆ ತಂದಾಗ ಬೀದಿಯ ಜನವೆಲ್ಲ ಮೂಗು ಮುಚ್ಚಿಕೊಂಡು ನಿಂತರು. ನಾನು ಮುಚ್ಚಿಕೊಳ್ಳಲಿಲ್ಲ. ಇನ್ನು ಮೇಲೆ ಒಗೆಯಲು ಅವನ ಅಂಗಿ ಇರುವುದಿಲ್ಲ ಎಂದು ಗೊತ್ತಿತ್ತು.

ಆಮೇಲೆ ಇಲ್ಲಿ ಅಂಗಳ ಗುಡಿಸುವ ಕೆಲಸಕ್ಕೆ ಸೇರಿದೆ. ಒಂದು ಕಾರು ವಾರದಿಂದ ನಾರುತ್ತಿತ್ತು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಪೊರಕೆ ಹಿಡಿದುಕೊಂಡೇ ತಲೆ ಹಾಕಿ, "ಹಿಂದಿನ ಸೀಟಿನ ಬೆಲ್ಟಿನ ಸಂದಿ. ಮಗು ಕಕ್ಕಿರೋ ಹಾಲು" ಎಂದೆ. ಇತ್ತು. ಮ್ಯಾನೇಜರನ ಕಣ್ಣು ಅರಳಿತು. ಮಾರನೆಯ ದಿನದಿಂದ ಪೊರಕೆ ಹೋಯಿತು, ಮೂಗು ಕೆಲಸಕ್ಕೆ ಸೇರಿತು. ನಾನು ಉಬ್ಬಿ ಕುಂಬಳಕಾಯಿಯಾದೆ. ಗುಡಿಸುವವಳಲ್ಲ, ಮೂಸುವವಳು!

ಅದೇ ಹಮ್ಮು ನನ್ನ ಕಣ್ಣು ಕಟ್ಟಿತು. ಕಟ್ಟಿಸಿದ್ದು ಮ್ಯಾನೇಜರೇ, ಹೋಟೆಲಿನ ಊಟದ ಕರವಸ್ತ್ರದಿಂದ. "ಮುದುಕಿ ಅಳಿಯನ್ನ ಸುಮ್ನೆ ಪಾಸು ಮಾಡ್ತಾಳೆ. ಕಣ್ಣು ಕಟ್ರೋ, ಸಾಲೂ ಅದಲು ಬದಲು ಮಾಡ್ರೋ" ಎಂದ. ಅದೊಂದು ದಿನದ ಮಧ್ಯಾಹ್ನದ ಸಾಲು. ಕುರುಡಿಯ ಹಾಗೆ ಒಬ್ಬೊಬ್ಬರನ್ನೇ ಮೂಸುತ್ತ ಹೋದೆ. ನಾಲ್ಕನೆಯವನ ಹತ್ತಿರ ನಿಂತು, ಎಲ್ಲರೂ ನಗಲಿ ಎಂದು, "ಥೂ, ಇದ್ಯಾವನೋ ಚಡ್ಡೀಲಿ ಉಚ್ಚೆ ಹುಯ್ಕೊಂಡಿರೋನು!" ಎಂದು ಕೂಗಿದೆ.

ಯಾರೂ ನಗಲಿಲ್ಲ. ಕಟ್ಟು ಬಿಚ್ಚಿದರೆ, ಅಳಿಯ.

ಚೀಟಿ ಹುಟ್ಟಿದ ಮೇಲೆ ಡ್ರೈವರು ಕಾರು ಬಿಟ್ಟು ಕದಲುವಂತಿಲ್ಲ. ಅವತ್ತು ಬಂದೆ ಎಂದ ಗೆಸ್ಟು ಮೂರು ಗಂಟೆ ಹೊತ್ತು ಬಂದಿರಲಿಲ್ಲ. ಹೋಟೆಲಿನಲ್ಲಿ ನೂರಾನಲವತ್ತು ಕಕ್ಕಸುಗಳಿವೆ, ಡ್ರೈವರುಗಳಿಗೆ ಒಂದೂ ಇಲ್ಲ. ರಸ್ತೆಯಾಚೆಯ ಪೆಟ್ರೋಲ್ ಬಂಕಿಗೆ ಹೋಗಬೇಕು. ಎಲ್ಲರೂ ಸೀಟಿನ ಕೆಳಗೆ ಒಂದು ಖಾಲಿ ಬಾಟಲಿ ಇಟ್ಟುಕೊಳ್ಳುತ್ತಾರೆ. ಅವನ ಬಾಟಲಿಯನ್ನು ಮ್ಯಾನೇಜರು ಆ ಬೆಳಿಗ್ಗೆಯೇ ಹಿಡಿದು ಎಸೆಸಿದ್ದ.

ಗೋಡೆಯ ಪಟ್ಟಿಯಲ್ಲಿ ಅವನ ಫೋಟೋದ ಪಕ್ಕ ಕಪ್ಪು ಚುಕ್ಕೆ ಬಿತ್ತು. ಮೂರು ಚುಕ್ಕೆ ಬಿದ್ದರೆ ಮನೆಗೆ. ಬರೀ ಮನೆಗಲ್ಲ, ಆ ಫೋಟೋ ಊರಿನ ಎಲ್ಲ ಹೋಟೆಲುಗಳಿಗೂ ಹೋಗುತ್ತದೆ, ನಾರುವವನು ಎಂದು. ಆಮೇಲೆ ಅವನನ್ನು ಸೈಕಲ್ ತಳ್ಳುವುದಕ್ಕೂ ಯಾರೂ ಕರೆಯುವುದಿಲ್ಲ. ಎರಡನೆಯ ಚುಕ್ಕೆ ಒಬ್ಬ ಗೆಸ್ಟು ಕೊಟ್ಟದ್ದು: ಅಂಗಿ ಮುಗ್ಗಲು ವಾಸನೆ ಎಂದು. ಹೋಟೆಲು ಕೊಟ್ಟಿರುವುದೇ ಒಂದು ಅಂಗಿ. ನನ್ನ ಮಗಳು ಅದನ್ನು ದಿನಾ ಸಂಜೆ ಒಗೆದು, ಕಿಟಕಿ ಸರಳಿಗೆ ಹಾಕಿ, ಬೆಳಿಗ್ಗೆ ಹಸಿಹಸಿಯಾಗಿಯೇ ಇಸ್ತ್ರಿ ಒತ್ತಿ ಹೊಗೆಯೆಬ್ಬಿಸಿ ತೊಡಿಸುತ್ತಾಳೆ. ಅದು ಮುಗ್ಗಲು ನಾರದೆ ಮಲ್ಲಿಗೆ ನಾರುತ್ತದೆಯೇ?

ಮಗಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ತಂದು ಮುಂದಿಟ್ಟು ಹೋಗುತ್ತಾಳೆ. ಒಂದೇ ಒಂದು ಸಲ, "ಆ ಮೂಗು ಕೊಯ್ದು ನಾಯಿಗೆ ಹಾಕಮ್ಮ. ಅದಾದ್ರೂ ಮೂಸಿ ಸುಮ್ನಿರತ್ತೆ" ಎಂದಿದ್ದಳು. ಅಳಿಯ ಬೈಯಲಿಲ್ಲ. "ಬಿಡಿ ಅತ್ತೆ. ನಿಮ್ಮ ಮೂಗೇನು ಸುಳ್ಳು ಹೇಳ್ಲಿಲ್ಲವಲ್ಲ" ಎಂದ. ಅವನು ನಾಲ್ಕು ಬಿಟ್ಟಿದ್ದರೆ ಇದಕ್ಕಿಂತ ಕಡಿಮೆ ನೋಯುತ್ತಿತ್ತು.

ಡುಮ್ಮನ ಕಂಕುಳಲ್ಲಿ ಇಲಿ ಸತ್ತಿದೆ ಎಂದು ನಗಿಸಿದ ಆ ಬೆಳಿಗ್ಗೆ, ಹತ್ತೂವರೆಗೆ ದೊಡ್ಡ ಕಾರು ಬುಕ್ಕಾಗಿತ್ತು, ಗಂಡ ಹೆಂಡತಿ ಇಬ್ಬರಿಗೆ. ಚೀಟಿಯಲ್ಲಿ ಅಳಿಯನ ಹೆಸರು. ನಾನು ಕಾರು ಮೂಸಿದೆ, ಅವನನ್ನು ಮೂಸಿದೆ, ಹೆಬ್ಬೆಟ್ಟು ಒತ್ತಿದೆ. ಅವನು ಮುಂಬಾಗಿಲಿಗೆ ಕಾರು ತಂದು, ನಿಯಮದ ಪ್ರಕಾರ ಹಿಂದಿನ ಬಾಗಿಲು ತೆಗೆದು ಹಿಡಿದು ನಿಂತ. ಗೆಸ್ಟು ಇಳಿದು ಬಂದದ್ದು ಹನ್ನೊಂದೂಕಾಲಿಗೆ. ಮುಕ್ಕಾಲು ಗಂಟೆ ಬಿಸಿಲಲ್ಲಿ ಬಾಗಿಲ ಹಿಡಿ ಹಿಡಿದು ನಿಂತವನ ಹಸಿ ಅಂಗಿ ಮೈಮೇಲೆಯೇ ಒಣಗಿ, ಮತ್ತೆ ಬೆವರಿಗೆ ಒದ್ದೆಯಾಗಿತ್ತು.

ಗೆಸ್ಟು ಕೂತ. ಹೆಂಡತಿ ಆ ಕಡೆಯಿಂದ ಕೂತಳು. ಬಾಗಿಲು ಮುಚ್ಚಿತು. ಮರುಕ್ಷಣ ತೆರೆಯಿತು.

"ಏನ್ರೀ ಇದು? ಒಳಗೆ ಏನೋ ಸತ್ತಿದೆ! ಯಾರ್ರೀ ಮ್ಯಾನೇಜರು?"

ಮ್ಯಾನೇಜರು ಕರ್ಚೀಫು ಹಿಡಿದುಕೊಂಡೇ ಓಡಿ ಬಂದ. "ಕ್ಷಮಿಸಿ ಸಾರ್, ಡ್ರೈವರ್ದು ಸಾರ್. ಇವನದು ಎರಡು ಸಲ ಆಗಿದೆ ಸಾರ್."

"ಅಂಥವನ್ನ ನಮ್ಮ ಮುಂದೆ ಕೂರಿಸ್ತೀರಾ? ಮನುಷ್ಯರು ಓಡಾಡೋ ಕಾರಾ, ಹಂದಿ ಲಾರಿನಾ?"

"ಹೊತ್ತಾಗ್ತಿದೆ, ಹೋಗೋಣ ಬನ್ನಿ" ಎಂದಳು ಹೆಂಡತಿ ಒಳಗಿನಿಂದ. ಅವಳು ತನ್ನ ಕಿಟಕಿಯ ಗಾಜು ಪೂರ್ತಿ ಇಳಿಸಿ, ಮುಖ ಹೊರಗೆ ಹಾಕಿಕೊಂಡು ಕೂತಿದ್ದಳು.

ಕಾರನ್ನು ಹಿಂದಿನ ಅಂಗಳಕ್ಕೆ ತಂದರು. ನನ್ನನ್ನು ಕರೆದರು. ತಲೆ ಒಳಗೆ ತೂರಿಸಿದೆ. ಅಯ್ಯೋ ನನ್ನ ಗಂಡನೇ, ಬಂಗಲೆ ಬೀದಿ ಮತ್ತೆ ಎದುರಿಗೆ ಬಂದಿತ್ತು! ಹಿಂದಿನ ಸೀಟಿನಲ್ಲಿ ಕೂತಿದ್ದ ಗೆಸ್ಟು ಕುಡಿದದ್ದು ಹುಳಿಯಾಗಿ ಅವನ ಮೈಯಿಂದ ಹೊರಗೆ ಬರುತ್ತಿತ್ತು. ಕಕ್ಕಿದ್ದು ಅಂಗಿಯ ತೋಳಿನ ಮಡಿಕೆಯಲ್ಲಿ ಒಣಗಿ ಹಳದಿಗಟ್ಟಿತ್ತು. ಇಷ್ಟರ ಮೇಲೆ ಒಂದು ಬಿಂದಿಗೆ ಸೆಂಟು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಕಪ್ಪು ಕನ್ನಡಕ ಹಾಕಿಕೊಂಡಳು.

"ಸಾರ್, ಇದು ಡ್ರೈವರ್ದಲ್ಲ" ಎಂದು ಮೆಲ್ಲಗೆ ಹೇಳಿದೆ. "ಇದು ಆ..."

"ಬಾಯ್ಮುಚ್ಚು" ಎಂದ ಮ್ಯಾನೇಜರು ಹಲ್ಲು ಕಚ್ಚಿ. "ಗೆಸ್ಟ್ ನಾರಲ್ಲ. ತಿಳೀತಾ? ಗೆಸ್ಟ್ ಯಾವತ್ತೂ ನಾರಲ್ಲ." ಆಮೇಲೆ ಅಳಿಯನ ಕಡೆ ತಿರುಗಿ, "ಬಿಚ್ಚೋ ಅಂಗಿ" ಎಂದ.

"ಸಾರ್, ಇಲ್ಲಿ..."

"ಇಲ್ಲೇ. ಸಾರ್‌ಗೆ ಸಮಾಧಾನ ಆಗಬೇಕು. ಬಿಚ್ಚೋ ಬೋಳಿಮಗನೆ!"

ಅವನು ಗುಂಡಿ ಬಿಚ್ಚಿದ. ಮಗಳು ಇಸ್ತ್ರಿ ಮಾಡಿದ ಅಂಗಿಯನ್ನು ನಾಲ್ಕಾಗಿ ಮಡಿಸಿ, ಇಡಲು ಜಾಗ ಸಿಗದೆ ನನ್ನ ಕೈಗೆ ಕೊಟ್ಟ. ಕಾರು ತೊಳೆಯುವ ಪೈಪನ್ನು ಡುಮ್ಮನ ಕೈಗೆ ಕೊಟ್ಟರು. ಅವನು ಹಿಂಜರಿದ. ಮ್ಯಾನೇಜರು ಕಿತ್ತುಕೊಂಡು ತಾನೇ ಬಿಟ್ಟ. ಕೆಸರು ಹಿಡಿದ ಚಕ್ರಕ್ಕೆ ಬಿಡುವ ನೀರು ಅದು. ಎದೆಗೆ ಬಡಿದ ರಭಸಕ್ಕೆ ಅಳಿಯ ಎರಡು ಹೆಜ್ಜೆ ಹಿಂದೆ ಸರಿದ. ಮುಖಕ್ಕೆ ಬಿಟ್ಟಾಗ ಕಣ್ಣು ಮುಚ್ಚಿಕೊಂಡ. ಕೈ ಅಡ್ಡ ಹಿಡಿಯಲಿಲ್ಲ.

"ಕಂಕುಳಿಗೆ ಹಾಕಿ" ಎಂದ ಗೆಸ್ಟು. ಕಾರಿನಿಂದ ಇಳಿದು ಬಾಗಿಲಿಗೆ ಒರಗಿ ನಿಂತಿದ್ದ. "ಅಲ್ಲೇ ಇರೋದು ಇವರಿಗೆ." ಎಂದವನು ತೇಗಿದ. ಆ ತೇಗು ನನ್ನ ತನಕ ಬಂತು.

ಅಳಿಯ ಕೈ ಎತ್ತಿದ. ದಿನಾ ಎತ್ತಿ ರೂಢಿ.

ನನ್ನ ಗಂಡನನ್ನೂ ಹೀಗೇ ತೊಳೆದಿದ್ದರು, ಮನೆ ಮುಂದೆ, ಪೈಪಿನಲ್ಲಿ, ದೂರ ನಿಂತು. ಅವನಿಗೆ ತಿಳಿಯಲಿಲ್ಲ, ಪುಣ್ಯವಂತ.

ಪೈಪು ನಿಂತಿತು. ಇನ್ನೊಂದು ಕಾರು, ಇನ್ನೊಬ್ಬ ಡ್ರೈವರು, ಇನ್ನೊಂದು ಚೀಟಿ ಬಂತು. ಗೆಸ್ಟು ಹೆಂಡತಿಯನ್ನು ಇಳಿಸಿ ಅದರಲ್ಲಿ ಕೂರಿಸಿ, ಗಡಿಯಾರ ನೋಡಿಕೊಂಡ. ಮ್ಯಾನೇಜರು ಶಾಯಿಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ.

"ಸಾರ್‌ಗೆ ಹೇಳು, ವಾಸನೆ ಇವನದೇ ಅಂತ. ಹೇಳಿ, ಈ ಚೀಟಿಗೆ ಒತ್ತು. ಮೂರನೇ ಚುಕ್ಕೆ ನಾನು ಹಾಕ್ಕೋತೀನಿ."

"ಮೂಸಬೇಕಲ್ಲ ಸಾರ್, ಮೊದಲು" ಎಂದೆ.

"ಮೂಸು, ಬೇಗ."

ಹೊಸ ಕಾರು ಮೂಸಿದೆ. ಹೊಸ ಡ್ರೈವರನನ್ನು ಮೂಸಿದೆ. ಆಮೇಲೆ ಹೋಗಿ ಗೆಸ್ಟಿನ ಮುಂದೆ ನಿಂತೆ.

"ಕೈ ಎತ್ತಿ ಸ್ವಾಮಿ."

"ಏನು?"

"ಎರಡೂ ಕೈ ಮೇಲಕ್ಕೆ. ಇವರೆಲ್ಲ ದಿನಾ ಎತ್ತುತಾರೆ, ಏನೂ ನೋಯಲ್ಲ. ನಾಚ್ಕೋಬೇಡಿ, ನಾನು ನಿಮ್ಮ ಅಜ್ಜಿ ಸಮಾನ."

ಅವನು ಎತ್ತಲಿಲ್ಲ. ಎತ್ತದಿದ್ದರೂ ನನಗೇನು ಕೊರತೆ? ತುದಿಗಾಲಲ್ಲಿ ನಿಂತು, ನಿಧಾನವಾಗಿ, ಬಲಗಡೆ ಮೂಸಿದೆ, ಎಡಗಡೆ ಮೂಸಿದೆ, ತೋಳಿನ ಮಡಿಕೆ ಮೂಸಿದೆ. ತಿರುಗಿ, ಏಳನೆಯ ಮಹಡಿಗೂ ಕೇಳುವ ಹಾಗೆ ಕೂಗಿದೆ:

"ಫೇಲು! ಇಪ್ಪತ್ತೆರಡು ವರ್ಷ ಮೋರಿ ಬಟ್ಟೆ ಒಗ್ದೋಳು ನಾನು, ಇಂಥ ನಾತ ಕಂಡಿಲ್ಲ. ಈ ಮನುಷ್ಯ ಕೂತ ಕಾರಿಗೆ ನನ್ನ ಹೆಬ್ಬೆಟ್ಟಿಲ್ಲ!"

ಕಾರಿನೊಳಗೆ ಹೆಂಡತಿ ಕೆಮ್ಮಿದಳೋ, ನಕ್ಕಳೋ, ನನ್ನ ಕಿವಿ ಮೂಗಿನಷ್ಟು ಚುರುಕಲ್ಲ.

"ಗೇಟ್ ತೆಗಿಯೋ!" ಎಂದು ಮ್ಯಾನೇಜರು ಕಿರುಚಿದ.

ಅಂಗಳದ ಗೇಟಿನಲ್ಲಿದ್ದ ಕಾವಲುಗಾರ ಕ್ಯಾಮೆರಾದ ಕಡೆ ನೋಡಿದ. ಆಮೇಲೆ ಚೀಟಿಯ ಖಾಲಿ ಚೌಕ ನೋಡಿದ. "ಹೆಬ್ಬೆಟ್ಟಿಲ್ದೆ ಆಗಲ್ಲ ಸಾರ್" ಎಂದ. "ನಿಮ್ದೇ ರೂಲು. ನನಗೂ ಬನಿಯನ್ನಲ್ಲಿ ಮನೆಗೆ ಹೋಗೋ ಆಸೆ ಇಲ್ಲ."

"ನನ್ನ ವಿಮಾನ ತಪ್ಪಿದ್ರೆ ನಿಮ್ಮೆಲ್ಲರನ್ನೂ..." ಎಂದು ಗೆಸ್ಟು ಮುಂದಿನ ಕಿಟಕಿಯೊಳಗೆ ಕೈ ಹಾಕಿ ಕಾರಿನ ಹಾರನ್ ಮೇಲೆ ಅಂಗೈ ಒತ್ತಿ ಹಿಡಿದ.

ಮ್ಯಾನೇಜರು ನನ್ನ ಬಲಗೈ ಹಿಡಿದ. ನಾನು ಹೆಬ್ಬೆರಳನ್ನು ಒಳಗೆ ಮಡಿಚಿ ಮುಷ್ಟಿ ಕಟ್ಟಿದೆ. ಅವನಿಗೆ ಎರಡು ಕೈಯೂ ಬೇಕಾಯಿತು. ಕರ್ಚೀಫು ನೀರಿನಲ್ಲಿ ಬಿತ್ತು. ಅದರ ಹಿಂದೆ ಮೂಗು ಇತ್ತು. ಎಲ್ಲರಿಗೂ ಇರುವಂಥದೇ. ಕಿರುಬೆರಳು ಬಿಡಿಸಿದ. ಉಂಗುರದ ಬೆರಳು ಬಿಡಿಸುವಾಗ ಲಟಕ್ಕೆಂದಿತು. ಅವನ ಕಂಕುಳು ನನ್ನ ಮುಖದ ಮಟ್ಟಕ್ಕೆ ಬಂದಿತ್ತು.

"ಸಾರ್, ನಿಮಗೂ ಬೆವರಿದೆ. ಒಂದು ಚುಕ್ಕೆ" ಎಂದೆ.

ಹಾರನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ನಡುಬೆರಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದ. ಅವನ ಬೆನ್ನ ಹಿಂದೆ ಅಳಿಯ, ಬರಿಮೈಯಲ್ಲಿ, ನೀರು ಸುರಿಸುತ್ತ, ಎರಡೂ ಕೈ ತಲೆಯ ಮೇಲೆ ಎತ್ತಿಕೊಂಡು ನಡೆದು ಬರುತ್ತಿದ್ದ. ಅವನ ಹಿಂದೆ ಡುಮ್ಮ, ಅವನ ಹಿಂದೆ ಉಳಿದವರು, ಎಲ್ಲರೂ ಕೈ ಎತ್ತಿ, ಬೆಳಗಿನ ಸಾಲಿನಲ್ಲಿ ನಿಂತ ಹಾಗೆಯೇ. ಆದರೆ ಈಗ ಯಾರೂ ನಿಂತಿರಲಿಲ್ಲ.

ಮ್ಯಾನೇಜರು ಇನ್ನೂ ಹಿಂತಿರುಗಿ ನೋಡಿರಲಿಲ್ಲ. ನಾನು ಹೆಬ್ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.