ಗಂಡನ ಟೊಪ್ಪಿಗೆಯಲ್ಲಿ ಒಂದು ಗುಟುಕು

ಗುಟುಕು ಗಂಟಲಿಳಿದ ಮೇಲೆಯೇ ಝಂಬಿಲಾಗೆ ಗೊತ್ತಾಗಿದ್ದು, ಬಾಟಲಿಯಲ್ಲಿದ್ದದ್ದು ಚಹಾ ಅಲ್ಲ ಅಂತ. ಪ್ಲಮ್ ಹಣ್ಣಿನ ಸಾರಾಯಿ ಸುಡುತ್ತಾ ಇಳಿಯಿತು. ಬಾಯಿ ಒರೆಸಿಕೊಂಡರೆ ಮಸಿಯಲ್ಲಿ ಬರೆದ ಮೀಸೆ ಅರ್ಧ ಅಂಗೈಗೆ ಬಂತು.

ನಾಟಕದಲ್ಲಿ ಅವಳು ಹುಡುಗಿಯ ಅಪ್ಪ. ಗಂಡಿನ ಕಡೆಯವರು ಕೆಂಪು ರೇಷ್ಮೆ ಸುತ್ತಿ, ಚಿನ್ನದ ನಾಣ್ಯದ ಸರ ಕಟ್ಟಿದ ಬಾಟಲಿ ತಂದು ಕೈಗಿಡುತ್ತಾರೆ. ಅಪ್ಪ ಕುಡಿದರೆ ಮಗಳನ್ನು ಕೊಟ್ಟ ಹಾಗೆ. ಬಾಟಲಿ ತುಟಿಯ ಹತ್ತಿರ ಬಂದಾಗ ಮಗಳು ಎದ್ದು, ನಾನು ಓದಬೇಕು ಅನ್ನುತ್ತಾಳೆ. ಅಪ್ಪ ಕುಡಿಯದೆ ಕೆಳಗಿಡುತ್ತಾನೆ. ರೋಮಾ ಜನಾಂಗದ ತಾಮ್ರಗಾರರ ಕೇರಿಯ ಆರು ಹೆಂಗಸರು ಎರಡು ತಿಂಗಳು ಹೀಗೇ ಅಭ್ಯಾಸ ಮಾಡಿದ್ದರು, ತಗಡಿನ ನಾಣ್ಯ ಕಟ್ಟಿಕೊಂಡು, ತಣ್ಣನೆ ಚಹಾ ತುಂಬಿಕೊಂಡು. ಗಂಟಲು ಒಣಗಿದಾಗ ಝಂಬಿಲಾ ಕದ್ದು ಒಂದು ಗುಟುಕು ಹೀರುವುದಿತ್ತು. ಎಲ್ಲರೂ ನಗುತ್ತಿದ್ದರು.

ಇವತ್ತು ಯಾರೂ ನಗಲಿಲ್ಲ. ಮುಂದಿನ ಸಾಲಿನ ಗಂಡಸರು, ನಿಜದ ನಿಶ್ಚಿತಾರ್ಥಕ್ಕೆ ಮಾಡುವ ಹಾಗೆ, ಒಬ್ಬೊಬ್ಬರಾಗಿ ಎದ್ದು ಟೊಪ್ಪಿ ತೆಗೆದರು. ಯಾರೋ ಪರದೆ ಎಳೆದರು.

"ಬಾಟಲಿ ಎಲ್ಲಿಂದ ಬಂತೇ?" ಝಂಬಿಲಾ ಕೇಳಿದಳು.

ಗಂಡಿನ ಅಪ್ಪನ ವೇಷದಲ್ಲಿದ್ದ ಚಿವೆತಾ ನೆಲ ನೋಡಿದಳು. "ನಮ್ಮನೇದು. ನಮ್ಮವ್ರೇ ಕೊಟ್ಟು ಕಳ್ಸಿದ್ರು. ತಗಡು ಕಟ್ಟಿದ್ರೆ ಜನ ನಗ್ತಾರೆ ಅಂದ್ರು."

"ನಾನು ಕುಡೀತೀನಿ ಅಂತ ಹೇಳಿದ್ಯಾ ಅವ್ರಿಗೆ?"

"ನೀನು ದಿನಾ ಕುಡೀತಿದ್ದಿದ್ದು ಕೇರಿಗೆಲ್ಲ ಗೊತ್ತಲ್ಲ."

ಚಿವೆತಾಳ ಗಂಡ ಗ್ರೂಯಾ ಹೋದ ಚಳಿಗಾಲದಲ್ಲಿ ಎರಡು ಸಲ ಲುಲುದಿಯನ್ನು ತನ್ನ ಮಗನಿಗೆ ಕೇಳಿದ್ದ. ನಾಟಕದಲ್ಲಿ ಮಗಳಾಗಿದ್ದವಳೂ ಲುಲುದಿಯೇ. ಮನೆಯಲ್ಲೂ ಝಂಬಿಲಾಳ ಮಗಳು, ಹದಿನಾಲ್ಕು ವರ್ಷ. ಸೆಪ್ಟೆಂಬರಿಗೆ ಬ್ರಾಯ್ಲಾ ಪಟ್ಟಣದ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು.

ಗ್ರೂಯಾ ಪರದೆ ಸರಿಸಿ ಒಳಗೆ ಬಂದ. "ಬೀಗಿತ್ತಿ ಅನ್ಲೋ, ಮೀಸೆ ನೋಡಿ ಬೀಗರೇ ಅನ್ಲೋ?"

"ಗ್ರೂಯಾ ಅಣ್ಣ, ಅದು ನಾಟಕ."

"ಸಾರಾಯಿನೂ ನಾಟಕದ್ದಾ? ತಲೆ ಮೇಲಿರೋ ಟೊಪ್ಪಿ ಯಾರದು?"

ಟೊಪ್ಪಿ ಅವಳ ಗಂಡನದು. ಅವನು ಸತ್ತಾಗ ಹಿರಿಯರೇ ಹೇಳಿದ್ದರು: ಇನ್ನು ಆ ಮನೆಯ ಮಾತು ಝಂಬಿಲಾಳದು. ಹಾಗಾದರೆ ಈಗ ಕುಡಿದವರು ಯಾರು? ಅವಳಿಗೆ ಹದಿಮೂರಾಗಿದ್ದಾಗ ಅವಳ ಅಪ್ಪ ಕುಡಿದಿದ್ದ. ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಅಲ್ಲೂ ಎಲ್ಲರಿಗೂ ಅವರವರ ಮಾತು ಮೊದಲೇ ಬಾಯಿಪಾಠವಾಗಿತ್ತು. ಅದು ನಾಟಕವಲ್ಲದಿದ್ದರೆ ಇದು ಹೇಗೆ ನಾಟಕ? ಇನ್ನೊಂದು, ಬಾಟಲಿ ಕೈಗೆ ಬಂದಾಗ ದಿನಕ್ಕಿಂತ ಭಾರವಾಗಿತ್ತು, ನಾಣ್ಯ ನಿಜವಾದ ಚಿನ್ನದ್ದು. ಆಗಲೇ ಗೊತ್ತಾಗಿತ್ತೇ? ಅಥವಾ ಈಗ ಗೊತ್ತಾದದ್ದನ್ನು ಆಗಿನ ಲೆಕ್ಕಕ್ಕೆ ಹಾಕುತ್ತಿದ್ದಾಳೋ? ತನ್ನ ಕೈಯನ್ನೇ ಕೇಳೋಣವೆಂದರೆ ಅದರ ತುಂಬ ಮಸಿ.

ಗ್ರೂಯಾ ದನಿ ಇಳಿಸಿದ. "ಓದ್ಲಿ ತಂಗಿ, ಯಾರು ಬೇಡ ಅಂದ್ರು? ಮದುವೆ ಎರಡು ವರ್ಷ ಬಿಟ್ಟೇ ಮಾಡೋಣ. ಈಗ ಹೊರಗೆ ಜನ ನಿಂತಿದಾರೆ. ಈ ಸರ ಹಾಕ್ಕೊಂಡು ಒಂದ್ಸಲ ಬಂದು ನಿಲ್ಲಲಿ, ಸಾಕು. ಬೇಡಾಂದ್ರೆ ನಾಳೆ ವಾಪಸ್ ಕೊಡಿ."

ಹುಡುಗಿ ಸರ ಕೊರಳಿಗೆ ಹಾಕಿಕೊಂಡ ಮೇಲೆ ಹಾಗೆ ವಾಪಸ್ ಕೊಟ್ಟವರನ್ನು ಝಂಬಿಲಾ ಕಂಡಿರಲಿಲ್ಲ. ಆದರೂ ಒಂದು ಗಳಿಗೆ ತಾನೇ ಅನ್ನಿಸಿತು. ಓದಲಿ ಅಂತಲೂ ಅಂದನಲ್ಲ. ಅವಳ ಕೈ ತಾನಾಗಿ ಹೋಗಿ ಮಗಳ ಜಡೆಯನ್ನು ಕೊರಳಿಂದ ಮೇಲಕ್ಕೆತ್ತಿತು. "ಒಂದು ಗಳಿಗೆ ಕಣೇ, ಮಗಳೇ."

ಲುಲುದಿ ನಾಟಕದ ಶಾಲಾ ಅಂಗಿಯಲ್ಲೇ ಇದ್ದಳು. ಹೇಳಬೇಕಾಗಿದ್ದ ಉದ್ದನೆಯ ಮಾತು ಹೇಳದೆ ಉಳಿದಿತ್ತು. ಗ್ರೂಯಾ ಸರ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಂದ. ಅವಳು ಆ ಮಾತಿನ ಒಂದಕ್ಷರವನ್ನೂ ಈಗ ಎತ್ತಲಿಲ್ಲ.

"ಅವ್ವಾ, ಜಡೆ ಬಿಡು," ಅಂದಳು. ಆಮೇಲೆ ಅವನ ಮುಖ ನೋಡಿದಳು.

"ನಾನಿದನ್ನ ಹಾಕ್ಕೊಳ್ಳಲ್ಲ, ದೊಡ್ಡಪ್ಪ."