ಮಾಚಿಪತ್ರೆಯ ಐದನೇ ಚೀಲ

ಗಣೇಶನ ಹಬ್ಬದ ಹಿಂದಿನ ಬೆಳಿಗ್ಗೆ ಹಲಸೂರು ಮಾರ್ಕೆಟ್ಟಿನ ಬಳಿ ಚಿಕ್ಕಮುನಿಯಮ್ಮ ಇಪ್ಪತ್ತೊಂದು ಬಗೆಯ ಪೂಜೆಯ ಎಲೆ ಸೇರಿಸಿ ಕಟ್ಟಿದ ಪತ್ರೆಯ ಕಟ್ಟುಗಳನ್ನು ಹರಡಿಕೊಂಡು ಕೂತಿದ್ದಳು. ದೊಮ್ಮಲೂರಿನ ಯಮುನಾ ಹನ್ನೆರಡು ವರ್ಷದಿಂದ ಅವಳಲ್ಲೇ ಕೊಳ್ಳುತ್ತಿದ್ದಳು. ಈ ಸಲ ಮಾತ್ರ ಕಟ್ಟನ್ನು ಮುಟ್ಟಲಿಲ್ಲ. ಹೋದ ವರ್ಷ ಪೂಜೆಯ ಮರುದಿನ ಅವಳ ಮಾವನ ಕಣ್ಣಿನ ರೆಪ್ಪೆ, ಕುತ್ತಿಗೆ ಊದಿ ಕೆಂಪಾಗಿದ್ದವು. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ ತಾಗಿರಬೇಕು ಎಂದು ಚರ್ಮದ ಡಾಕ್ಟರು ಹೇಳಿದ್ದರು.

“ಇದ್ರಲ್ಲಿ ಕಾಂಗ್ರೆಸ್ ಗಿಡ ಇಲ್ಲ ಅಂತ ಹೇಗಮ್ಮಾ ನಂಬ್ಲಿ?”

ನೋಡಿ ತಾನೇ ಮನೆಗೆ ತಂದುಕೊಡುವುದಾಗಿ ಚಿಕ್ಕಮುನಿಯಮ್ಮ ಹೇಳಿದಳು. ಯಮುನಾ ಹೋದ ಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಒಂದು ಕಟ್ಟು ಬಿಚ್ಚಿದಳು. ಮಾಚಿಪತ್ರೆಯ ಬೆನ್ನು ಬೂದುಬಿಳುಪು, ಕಿವುಚಿದರೆ ಘಮ್ಮೆನ್ನುತ್ತದೆ. ಕೈಯಲ್ಲಿದ್ದದ್ದು ಅದೇ ಆಕಾರದ ಎಲೆ, ಆದರೆ ಎರಡೂ ಕಡೆ ಹಸಿರು, ಕಾಂಗ್ರೆಸ್ ಗಿಡವೇ. ಹೂ ಬಿಡದ ಎಳೆಯ ಗಿಡದ್ದು, ಅವಸರದಲ್ಲಿ ಗೊತ್ತಾಗುವಂತಿರಲಿಲ್ಲ. ಇಂಥ ಮೂವತ್ತು ಕಟ್ಟು ಆಗಲೇ ಮಾರಿಹೋಗಿದ್ದವು. ಎಲ್ಲವೂ ಗುರುತಿನ ಮನೆಗಳಿಗೆ.

ಅನುಮಾನ ನೇರ ಅಮೃತಮ್ಮನ ಮೇಲೆ ಹೋಯಿತು. ರಾಯಚೂರು ಕಡೆಯವಳು, ಕೆ.ಆರ್. ಪುರಂನಲ್ಲಿ ಬಾಡಿಗೆ ಕೋಣೆ. ಹೊಸಕೋಟೆ ಕಡೆಯ ತೋಟಗಳಲ್ಲಿ ಪತ್ರೆ ಕೊಯ್ದು ಚೀಲ ಕಟ್ಟುವುದು ಹೋದ ವರ್ಷದಿಂದ ಅವಳ ಕೆಲಸ. ಅದನ್ನು ಆಟೋದಲ್ಲಿ ತರುವವನು ಚಿಕ್ಕಮುನಿಯಮ್ಮನ ಮಗ ಭೀಮೇಶ್. ಹೊಸಬಳು ಬಂದ ವರ್ಷವೇ ಹೀಗಾಗಿದೆ. ಚಿಕ್ಕಮುನಿಯಮ್ಮ ಫೋನ್ ಮಾಡಿ, ಯಾವ ಖಾಲಿ ಸೈಟಲ್ಲಿ ಕೊಯ್ದೆ ಎಂದು ಗದರಿದಳು.

ಅಮೃತಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಮಾಚಿಪತ್ರೆ ಎಷ್ಟ್ ಚೀಲ ಬಂದಾವ್ರೀ ಅಕ್ಕಾ?”

“ಐದು.”

“ನಾ ಕಟ್ಟಿದ್ದು ನಾಕ. ಬಾಳೆ ನಾರಿನಾಗ ಕಟ್ಟೀನಿ, ನೋಡ್ರಿ.”

ನಾಲ್ಕು ಚೀಲಗಳ ಬಾಯಿಗೆ ಬಾಳೆ ನಾರು ಹಾಗೇ ಇತ್ತು. ಒಳಗಿನ ಎಲೆಗಳ ಬೆನ್ನು ಬಿಳಿಯೇ. ಬೆಳಿಗ್ಗೆ ಮೊದಲು ಬಿಚ್ಚಿದ ಚೀಲದ ಪಕ್ಕದಲ್ಲಿ ಬಿದ್ದಿದ್ದದ್ದು ಹಳೇ ಟೈರ್ ಟ್ಯೂಬಿನ ರಬ್ಬರ್ ಪಟ್ಟಿ. ಭೀಮೇಶ್ ಆಟೋದ ಮೇಲೆ ಸಾಮಾನು ಬಿಗಿಯುವಂಥದ್ದು.

ಭೀಮೇಶ್ ಆಟೋಗೆ ಒರಗಿ ಟೀ ಕುಡಿಯುತ್ತಿದ್ದ. ಸೆಕೆಯಲ್ಲೂ ತುಂಬುತೋಳಿನ ಅಂಗಿ. ಚಿಕ್ಕಮುನಿಯಮ್ಮ ಅಂಗಿಯ ತೋಳು ಮೇಲೆ ಸರಿಸಿದಳು. ಮೊಣಕೈ ಮಡಿಕೆಯಲ್ಲಿ ಕೆಂಪು ಗಂದೆಗಳಿದ್ದವು.

“ಎಲ್ಲಿ ಕುಯ್ದೆ?”

“ಮರ್ಫಿ ಟೌನ್ ಹತ್ರ, ಖಾಲಿ ಸೈಟಲ್ಲಿ. ನೋಡೋಕೆ ಹಂಗೇ ಇತ್ತಲ್ಲಮ್ಮಾ. ಕಮ್ಮಿ ಬಿದ್ರೆ ನೀನೇ ಬಯ್ತೀಯ.”

“ಹೋದ್ ವರ್ಷಾನೂನಾ?”

“ಆಗ್ಲೂ ಒಂದೇ ಚೀಲ,” ಎಂದು ಅವನು ಅಂಗಿಯ ತೋಳು ಕೆಳಗೆಳೆದುಕೊಂಡ.

ಆ ಚೀಲದಿಂದ ಕಟ್ಟಿದ್ದನ್ನೆಲ್ಲ ಅವಳು ಬೇರೆ ಮೂಟೆ ಮಾಡಿಟ್ಟಳು. ಅಮೃತಮ್ಮನಿಗೆ ಮತ್ತೆ ಫೋನ್ ಮಾಡಿ, ತಪ್ಪು ತನ್ನ ಮನೆಯದೇ ಎಂದಳು. ನಾಲ್ಕು ಚೀಲದ ಎಲೆಯಿಂದ ಹೊಸ ಕಟ್ಟು ಕಟ್ಟಿ, ಹಳೆಯದನ್ನು ವಾಪಸ್ಸು ಪಡೆಯಲು ಮಗನ ಆಟೋದಲ್ಲೇ ಮನೆ ಮನೆಗೆ ಹೊರಟಳು.

ಯಮುನಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಚಿಕ್ಕಮುನಿಯಮ್ಮ ಮಾಚಿಪತ್ರೆ ಮಗುಚಿ ಬಿಳಿ ಬೆನ್ನು ತೋರಿಸಿ, ಕಿವುಚಿ ಮೂಸಲು ಕೊಟ್ಟಳು. ಯಮುನಾ ತಲೆಯಾಡಿಸಿದಳು. ಆಮೇಲೆ ಕಟ್ಟನ್ನು ಜಗುಲಿಯ ಮೇಲೆ ಬಿಚ್ಚಿ, ಉಳಿದ ಇಪ್ಪತ್ತು ಬಗೆಯ ಎಲೆಗಳನ್ನೂ ಒಂದೊಂದಾಗಿ ಮಗುಚಿ ನೋಡತೊಡಗಿದಳು.