ಏಳೂವರೆ ಅಡಿ

ಬೆಳಿಗ್ಗೆ ಏಳೂ ಹತ್ತು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಗಳ ಹಿಂದಿನ ಕ್ರೈಸ್ತರ ಸ್ಮಶಾನದಲ್ಲಿ ಮುನಿಶಾಮಿ ಮೂರಡಿ ಗುಂಡಿ ತೋಡಿದ್ದ. ೧೯೫೭ರ ಜುಲೈ ೧೧, ಗುರುವಾರ.

"ಡೇ, ಇದೇನು ಗುಂಡಿಯಾ, ಹಂದಿ ಹೊರಳೋ ಹೊಂಡವಾ? ಅಂಚು ನೆಟ್ಟಗೆ ತೆಗಿಯೋ ಬಡ್ಡೀಮಗನೆ. ನಮ್ಮಮ್ಮ ಮಲಗೋ ಜಾಗ."

ಹೇಳಿದವನು ಉಪದೇಶಿ ದೇವಸಹಾಯಂ. ಫಾದರ್ ಭಾನುವಾರದ ಪೂಜೆಗೆ, ಸಾವಿಗೆ, ಮದುವೆಗೆ ಬಂದು ಹೋಗುತ್ತಿದ್ದರು; ಉಳಿದಂತೆ ಚರ್ಚು ಇವನ ಕೈಯಲ್ಲಿತ್ತು. ಹಿಂದಿನ ಸಂಜೆ ಇವನ ತಾಯಿ, ಎಂಬತ್ತು ದಾಟಿದ ಮುದುಕಿ, ತೀರಿಕೊಂಡಿದ್ದಳು. ಇವನ ಕೈಯಲ್ಲಿ ಆರಡಿಯ ಅಳತೆಕೋಲಿತ್ತು.

"ನೆಟ್ಟಗೇ ಮಾಡ್ತೀನಿ ಸಾಮಿ."

ಎಂಟು ಗಂಟೆಗೆ ಮುನಿಶಾಮಿಯ ಹೆಂಡತಿ ಅಮ್ಮಾಜಮ್ಮ ಗೇಟಿನ ಹೊರಗೆ ಬಂದು ನಿಂತಳು. ತೋಳಿನಲ್ಲಿ ಹಳೇ ಸೀರೆಯ ಗಂಟಿತ್ತು.

"ಓಯ್ತು ಕಣಯ್ಯಾ," ಅಂದಳು.

ಇಪ್ಪತ್ತಮೂರು ದಿನದ ಹೆಣ್ಣು ಮಗು.

ಗಂಡ ಹೆಂಡತಿ ಮೂರು ಭಾನುವಾರದಿಂದ ಪ್ರಶ್ನೋತ್ತರದ ಪಾಠಕ್ಕೆ ಕೂತಿದ್ದರು. ಬಾಗಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲಿ. ಇಬ್ಬರೂ ಪಾಸಾದರೆ ಮಗುವನ್ನೂ ಸೇರಿಸಿ ಮೂವರಿಗೂ ಜ್ಞಾನಸ್ನಾನ ಎಂದು ದೇವಸಹಾಯಂ ಹೇಳಿದ್ದ. ಮುನಿಶಾಮಿ ಪಾಸಾದ. ಲೈನಿನ ಕಕ್ಕಸು ತೊಳೆಯುವ ಅಮ್ಮಾಜಮ್ಮ ಫೇಲಾದಳು. ಕಳೆದ ಭಾನುವಾರ ದೇವಸಹಾಯಂ ಬೈಬಲಿನಿಂದ ಓದಿದ್ದು, ಏಸು ಮಕ್ಕಳನ್ನು ಹತ್ತಿರ ಕರೆದು ಎತ್ತಿಕೊಂಡ ಭಾಗ.

"ಆ ಮಕ್ಳಿಗೆ ಮದ್ಲೇ ಜ್ಞಾನಸ್ನಾನ ಆಗಿತ್ತಾ ಸಾಮಿ?" ಎಂದು ಅವಳು ಕೇಳಿದ್ದಳು.

ಒಳಗೆ ಬೆಂಚಿನ ಮೇಲಿದ್ದವರು ನಕ್ಕರು.

"ಇಲ್ಲಿ ಪ್ರಶ್ನೆ ಕೇಳೋನು ನಾನು. ಕಕ್ಕಸು ಬಳಿಯೋಳು ಏಸುಸ್ವಾಮಿ ಮೇಲೇ ತನಿಖೆ ಮಾಡ್ತಾಳೆ. ಮುಂದಿನ ವಾರ ಬಾ. ನಾಲಿಗೆ ತೊಳ್ಕೊಂಡು ಬಾ."

ಬುಧವಾರ ಮಧ್ಯಾಹ್ನ ಮಗುವಿಗೆ ಜ್ವರ ಏರಿತು. ನೀವೇ ಬಂದು ನೀರು ಹಾಕಿ ಎಂದು ಮುನಿಶಾಮಿ ಉಪದೇಶಿಯ ಮನೆ ಬಾಗಿಲಲ್ಲಿ ನಿಂತು ಬೇಡಿದ್ದ. "ಮೊದ್ಲು ಅವಳು ಪಾಸಾಗಲಿ," ಎಂದು ಉತ್ತರ ಬಂತು. ಪ್ರಾಣಾಪಾಯವಿದ್ದರೆ ಯಾರು ಬೇಕಾದರೂ, ಹೆತ್ತ ತಾಯಿಯೂ, ಮಗುವಿನ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು ಎಂದು ಆ ಪಾಠದ ಪುಸ್ತಕದಲ್ಲೇ ಬರೆದಿತ್ತು. ಪಾಠ ಆ ಪುಟಕ್ಕೆ ಬಂದಿರಲಿಲ್ಲ.

ಮುನಿಶಾಮಿ ಗುಂಡಿಯಿಂದ ಹತ್ತಿ ಬಂದು ಕೈ ಮುಗಿದ.

"ಸಾಮಿ, ಗೋಡೆ ಮೂಲೆನಾಗೆ ಒಂದು ಮೊಳ ಜಾಗ ಕೊಡಿ."

"ಇದು ಮಂತ್ರಿಸಿದ ಮಣ್ಣು ಕಣೋ. ಜ್ಞಾನಸ್ನಾನ ಇಲ್ಲದ್ದು ಒಳಗೆ ಬರೋ ಹಾಗಿಲ್ಲ. ಗಣಿ ಪುಡಿಮಣ್ಣು ಸುರಿಯೋ ಸೈನೇಡ್ ದಿಬ್ಬದ ಹತ್ರ ಹಾಕು."

"ಅಲ್ಲಿ ನಾಯಿಗೋಳು ಕೆರೀತವೆ ಸಾಮಿ. ಓದ್ ತಿಂಗ್ಳು ಆರುಮುಗಂ ಕೂಸಿನ ಕಾಲು ಲೈನಿಗೇ ಎಳ್ಕೊಂಬಂದ್ವು."

"ಹಾಗಾದ್ರೆ ಆಳವಾಗಿ ತೋಡು. ನಿನ್ನ ಕಸುಬೇ ಅದಲ್ವಾ?" ದೇವಸಹಾಯಂ ವಾಚು ನೋಡಿಕೊಂಡ. "ನಾಲ್ಕಕ್ಕೆ ಫಾದರ್ ಬರ್ತಾರೆ. ಮೊದ್ಲು ನಮ್ಮಮ್ಮಂದು ಮುಗಿಸು. ಆಮೇಲೆ ಅದು."

ಅವನು ಮನೆಗೆ ಹೋದ. ಅಲ್ಲಿ ನೆಂಟರು ಕಾದಿದ್ದರು.

ಅಮ್ಮಾಜಮ್ಮ ಗೇಟು ತಳ್ಳಿ ಒಳಗೆ ಬಂದಳು. ಗುಂಡಿಯ ಅಂಚಿನಲ್ಲಿ ಕೂತು ಕೆಳಗೆ ನೋಡಿದಳು.

"ಇನ್ನೆಷ್ಟು ಐತೆ?"

"ಮೂರಡಿ."

"ಆಳವಾಗಿ ತೋಡು ಅಂದ್ನಲ್ಲ. ತೋಡು."

ಮುನಿಶಾಮಿ ಅವಳ ಮುಖ ನೋಡಿದ. ಗಂಟನ್ನು ನೋಡಿದ. ಗುಂಡಿಗೆ ಇಳಿದ.

ಹನ್ನೆರಡೂವರೆಗೆ ಗುಂಡಿ ಏಳೂವರೆ ಅಡಿ ಆಗಿತ್ತು. ಅವಳು ಮಣ್ಣಿನ ಮೇಲೆ ಮಲಗಿ ಎರಡು ಕೈಯಲ್ಲೂ ಮಗುವನ್ನು ಇಳಿಬಿಟ್ಟಳು. ಅವನು ತೆಗೆದುಕೊಂಡು ಮಲಗಿಸಿದ. ಒಂದೂವರೆ ಅಡಿ ಮಣ್ಣು ಮುಚ್ಚಿದ.

"ಕಾಲಾಗೆ ತುಳೀಬ್ಯಾಡ."

ಅಂಗೈಯಿಂದ ತಟ್ಟಿದ. ನೆಲ ಗಟ್ಟಿಯಾಗುವ ತನಕ ತಟ್ಟಿದ.

ನಾಲ್ಕು ಗಂಟೆಗೆ ಪೆಟ್ಟಿಗೆ ಬಂತು. ಅಮ್ಮಾಜಮ್ಮನನ್ನು ಹೊರಗಟ್ಟಿದರು. ದೇವಸಹಾಯಂ ಕೋಲು ಇಳಿಸಿ ನೋಡಿದ. ಸರಿಯಾಗಿ ಆರಡಿ.

"ಅಂತೂ ಕೆಲಸ ಕಲಿತೆ. ಅದನ್ನೇನು ಮಾಡ್ದೆ?"

"ನೀವು ಏಳ್ದಂಗೇ ಸಾಮಿ. ಆಳವಾಗಿ ತೋಡ್ದೆ."

ಫಾದರ್ ಗುಂಡಿಯೊಳಗೆ ಮಂತ್ರಿಸಿದ ನೀರು ಚಿಮುಕಿಸಿ ಪ್ರಾರ್ಥನೆ ಹೇಳಿದರು. ಪೆಟ್ಟಿಗೆ ಇಳಿಯಿತು. ಐದರ ಹೊತ್ತಿಗೆ ಎಲ್ಲರೂ ಹೋದರು.

ಗೋಡೆಯಾಚೆಯಿಂದ ಅಮ್ಮಾಜಮ್ಮ ಕೇಳಿದಳು. "ನೀರು ಒಳಿಕ್ ಬಿತ್ತಾ?"

"ಬಿತ್ತು. ಮೂರು ಕಿತ."

ಭಾನುವಾರ ಪಾಠದಲ್ಲಿ ಅವಳ ಹೆಸರು ಕೂಗಿದರು. ಅವಳು ಬಂದಿರಲಿಲ್ಲ. ದೇವಸಹಾಯಂ ಹೆಸರು ಹೊಡೆದುಹಾಕಿದ. ಆಗಸ್ಟಿನಲ್ಲಿ ಅವನು ತಾಯಿಯ ಗೋರಿಗೆ ಸಿಮೆಂಟು ಹಾಕಿಸಿದ. ಸಿಮೆಂಟು ಕಲಸಿದವನು ಮುನಿಶಾಮಿ.